ಕ್ಷಮಿಸಲಾಗಿದೆ

ಮೇ ತಿಂಗಳು ಬಂತೆಂದರೆ ಬಾಗಲಕೋಟೆಯಲ್ಲಿ ನಮ್ಮಂಥವರಿಗೆ ಒಂದು ಚಟ. ಸಂಜೆ ಬಿಸಿಲು ಇಳಿದ ಮೇಲೆ ಗಾಡಿ ತೆಗೆದುಕೊಂಡು ಹಿನ್ನೀರಿನ ಕಡೆ ಹೋಗುವುದು. ಘಟಪ್ರಭೆ ಆಗ ಸರಿದು ನಿಂತಿರುತ್ತಾಳೆ. ನೀರು ಬಿಟ್ಟುಕೊಟ್ಟ ನೆಲ ಕರ್ರಗೆ ಬಿರುಕು ಬಿಟ್ಟಿರುತ್ತದೆ. ನಡುನಡುವೆ ಕಲ್ಲಿನ ಸಾಲು. ಗೊತ್ತಿಲ್ಲದವರಿಗೆ ಅದು ಸುಮ್ನೆ ಕಲ್ಲು. ಗೊತ್ತಿದ್ದವರು ಬೆರಳು ಮಾಡಿ ತೋರಿಸುತ್ತಾರೆ. "ಅದು ನಮ್ಮ ಪಡಸಾಲಿ. ಅಲ್ಲಿ ದನಾ ಕಟ್ಟತಿದ್ವಿ. ಆ ಕಡೆ ಬಾವಿ ಇತ್ತು."

ನಮ್ಮ ಮನೆಯ ಕಟ್ಟೆಯೂ ಹೀಗೇ ಕಾಣುತ್ತದೆ. ಪ್ರತಿ ವರ್ಷ ಇಲ್ಲ, ನೀರು ಜಾಸ್ತಿ ಇಳಿದ ವರ್ಷ ಮಾತ್ರ.

ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ನೀರು ನಮ್ಮ ಹೊಸ್ತಿಲ ತನಕ ಬರುವ ಹೊತ್ತಿಗೆ ಒಂದು ತಲೆಮಾರೇ ಮುಗಿದಿತ್ತು. ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಅದನ್ನು 524.256ಕ್ಕೆ ಏರಿಸುವ ಮಾತು ವರ್ಷಗಟ್ಟಲೆಯಿಂದ ನಡೆದಿದೆ. ಬೇರೆ ಊರಿನ ಮಕ್ಕಳು ಮಗ್ಗಿ ಕಲಿಯುವ ಹಾಗೆ ನಮ್ಮ ಕಡೆ ಮಕ್ಕಳು ಈ ಎರಡು ಅಂಕಿ ಕಲಿತಿರುತ್ತಾರೆ. ಜೊತೆಗೆ ಎರಡು ಶಬ್ದ: ಮುಳುಗಡೆ, ಪರಿಹಾರ. "ಹೊಲ ಮುಳುಗಡ್ಯಾಗ ಹೋತು." "ಪರಿಹಾರ ಬಂತೇನ್ರಿ?" ಮೂರನೆಯದೊಂದಿದೆ, ಪುನರ್ವಸತಿ. ಅದು ಸರ್ಕಾರಿ ಕಾಗದದಲ್ಲಿ ಓಡಾಡುತ್ತದೆ, ಜನರ ಬಾಯಲ್ಲಿ ಅಷ್ಟಾಗಿ ಇಲ್ಲ.

ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ಬಂದ ಮೇಲೆ ನಮಗೂ ಒಂದು ಸೆಕ್ಟರ್ ನಂಬರ್, ಒಂದು ಸೈಟ್ ನಂಬರ್ ಸಿಕ್ಕಿತು. ಅಗಲವಾದ ರಸ್ತೆ, ನೆಟ್ಟಗಿನ ಗಟಾರ. ದೂರುವಂಥದ್ದು ಏನೂ ಇರಲಿಲ್ಲ. ಆದರೂ ಅವ್ವ ಮೊದಲ ಒಂದು ವರ್ಷ ಬೆಳಿಗ್ಗೆ ಎದ್ದು ಮಾಳಿಗೆ ಮೇಲೆ ನಿಂತು ಸುತ್ತ ನೋಡುತ್ತಿದ್ದಳು. ಏನು ಹುಡುಕತಿ ಬೇ ಅಂತ ಒಮ್ಮೆ ಕೇಳಿದೆ. "ಯಾರ ಮನಿ ಒಲಿ ಹತ್ತೇತಿ, ಯಾರ ಮನ್ಯಾಗ ಹತ್ತಿಲ್ಲ, ಇಲ್ಲಿ ಒಂದೂ ತಿಳಿಯಂಗಿಲ್ಲ ನೋಡು" ಅಂದಳು. ಹಳೆ ಓಣಿಯಲ್ಲಿ ಹೊಗೆ ನೋಡಿಯೇ ಗೊತ್ತಾಗುತ್ತಿತ್ತು. ಒಂದು ಮನೆಯಿಂದ ಎರಡು ಹೊತ್ತು ಹೊಗೆ ಏಳದಿದ್ದರೆ ಅವ್ವ ಸೆರಗಿನಲ್ಲಿ ನಾಲ್ಕು ರೊಟ್ಟಿ ಮುಚ್ಚಿಕೊಂಡು ಹೋಗುತ್ತಿದ್ದಳು. ಉಂಡೀರೇನು ಅಂತ ಕೇಳುತ್ತಿರಲಿಲ್ಲ. ಕೇಳಿದರೆ ಅವರು "ಉಂಡೇವ್ರಿ" ಅಂತಾರಲ್ಲ.

ಮುಳುಗಡೆಯ ಪುರಾಣ ಯಾಕೆ ತೆಗೆದೆ ಅಂದರೆ, ನಮ್ಮ ಕ್ರೈಸ್ತ ಸಭೆಗಳಲ್ಲಿ ಪುನಃಸ್ಥಾಪನೆ ಅನ್ನುವ ಶಬ್ದ ಬಂದಾಗಲೆಲ್ಲ ನನಗೆ ಪುನರ್ವಸತಿ ನೆನಪಾಗುತ್ತದೆ. ಬಿದ್ದುಹೋದವನನ್ನು ದೇವರು ಎತ್ತಿ ನಿಲ್ಲಿಸುತ್ತಾನೆ ಅಂತ ಎಷ್ಟೋ ಪ್ರಸಂಗ ಕೇಳಿದ್ದೇವೆ, ಆಮೆನ್ ಅಂದಿದ್ದೇವೆ. ಆದರೆ ಬಿದ್ದವನೊಬ್ಬ ನಮ್ಮ ನಡುವೆಯೇ ಇದ್ದಾಗ ನಾವು ಪರಿಹಾರದ ಲೆಕ್ಕ ಹಾಕಿದೆವು, ಒಂದು ಸೈಟ್ ನಂಬರ್ ಕೊಟ್ಟು ಕಳಿಸಿದೆವು. ಠರಾವು ಬರೆದವನು ನಾನೇ.

* * *

ಅವರನ್ನು ಸಭೆಯಲ್ಲಿ ಎಲ್ಲರೂ ಕಾಕಾ ಅನ್ನುತ್ತಿದ್ದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಹಿಡಿಯುವ ಅಭ್ಯಾಸ ಆಮೇಲೂ ಬಿಟ್ಟಿರಲಿಲ್ಲ. ಕಾಣಿಕೆ ಎಣಿಸಲು ಕೂತರೆ ಹತ್ತರ ನೋಟು ಒಂದು ಸಂದಿಗೆ, ಐವತ್ತು ಒಂದು ಸಂದಿಗೆ, ನೂರು ಒಂದು ಸಂದಿಗೆ. ಹುಡುಗರು "ಕಾಕಾ, ಒಂದು ಫುಲ್, ಎರಡು ಹಾಫ್" ಅಂತ ಕಾಡಿಸುತ್ತಿದ್ದರು. ಸುಗ್ಗಿ ಹಬ್ಬದ ಲೆಕ್ಕವಂತೂ ವರ್ಷಾನುಗಟ್ಟಲೆ ಅವರ ಕೈಯಲ್ಲೇ ಇತ್ತು.

ನಮ್ಮ ಸುಗ್ಗಿ ಹಬ್ಬ ನೋಡದವರಿಗೆ ಒಂದು ಮಾತು. ಹೊಲದಲ್ಲಿ ಬೆಳೆದದ್ದನ್ನು, ಮನೆಯಲ್ಲಿ ಮಾಡಿದ್ದನ್ನು ತಂದು ದೇವರ ಮುಂದೆ ಇಡುತ್ತೇವೆ. ಜೋಳದ ತೆನೆ, ಕುಂಬಳಕಾಯಿ, ಉಳ್ಳಾಗಡ್ಡಿ, ಶೇಂಗಾ, ಕೋಳಿ, ಒಮ್ಮೊಮ್ಮೆ ಒಂದು ಹೋತದ ಮರಿ. ಆರಾಧನೆ ಮುಗಿದ ಮೇಲೆ ಅವುಗಳ ಲಿಲಾವು. ಐವತ್ತು ರೂಪಾಯಿಯ ಕುಂಬಳಕಾಯಿ ಎರಡು ಸಾವಿರಕ್ಕೆ ಹೋಗುತ್ತದೆ. ತಗೊಂಡವನು ಅದನ್ನು ಮತ್ತೆ ದೇವರಿಗೇ ಕೊಡುತ್ತಾನೆ, ಮತ್ತೆ ಲಿಲಾವು. ಆ ದಿನ ನಕ್ಕಷ್ಟು ನಾವು ಕ್ರಿಸ್ಮಸ್ಸಿಗೂ ನಗುವುದಿಲ್ಲ.

ಒಂದು ವರ್ಷ ಆ ದುಡ್ಡು ಬ್ಯಾಂಕಿಗೆ ಹೋಗಲಿಲ್ಲ. 38,000 ರೂಪಾಯಿ. ಕಾಕಾನ ಹೆಂಡತಿಗೆ ಆಪರೇಶನ್ ಆಗಿತ್ತು. "ಕೈಗಡ ಅಂತ ತಗೊಂಡಿದ್ದೆ. ಎರಡು ತಿಂಗಳದಾಗ ತುಂಬತೀನಿ ಅನಕೊಂಡಿದ್ದೆ. ಆಗಲಿಲ್ಲ" ಅಂತ ಅವರೇ ಬಂದು ಹೇಳಿದರು. ಯಾರೂ ಹಿಡಿದಿರಲಿಲ್ಲ, ಯಾರೂ ಕೇಳಿರಲಿಲ್ಲ. ಆಗ ಅದು ನಮಗೆ ದೊಡ್ಡ ವಿಷಯ ಅನ್ನಿಸಲೇ ಇಲ್ಲ.

ಕಮಿಟಿ ಸೇರಿತು. ನಾನು ಕಾರ್ಯದರ್ಶಿ. ಕನ್ನಡ ಸಾಲಿ ಮಾಸ್ತರ, ಅಕ್ಷರ ದುಂಡಗೆ, ಹಾಗಾಗಿ ಠರಾವು ಪುಸ್ತಕ ನನ್ನ ಪಾಲಿಗೆ. ಪಾಸ್ಟರ್ ಪ್ರಾರ್ಥನೆ ಮಾಡಿದರು. ಒಂದಿಬ್ಬರು ಬಿಸಿಯಾದರು, ಒಂದಿಬ್ಬರು ತಣ್ಣಗೆ ಮಾಡಿದರು. ಕೊನೆಗೆ ನಾನು ಬರೆದದ್ದು ಹೀಗಿತ್ತು. ಸದರಿಯವರು ತಪ್ಪನ್ನು ಒಪ್ಪಿಕೊಂಡಿದ್ದು, ಹಣವನ್ನು ಕಂತುಗಳಲ್ಲಿ ಮರಳಿಸತಕ್ಕದ್ದು. ಅಲ್ಲಿಯ ತನಕ ಕರ್ತನ ಭೋಜನದಿಂದಲೂ (ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚಿಕೊಳ್ಳುವ ರೊಟ್ಟಿ, ದ್ರಾಕ್ಷಾರಸ) ಎಲ್ಲ ಜವಾಬ್ದಾರಿಗಳಿಂದಲೂ ದೂರ ಇರತಕ್ಕದ್ದು. ಸದರಿಯವರನ್ನು ಪ್ರೀತಿಪೂರ್ವಕವಾಗಿ ಕ್ಷಮಿಸಲಾಗಿದೆ.

ಕ್ಷಮಿಸಲಾಗಿದೆ. ಈ ಶಬ್ದ ಈಗ ಕಂಡರೆ ನನಗೆ ಒಂಥರಾ ಆಗುತ್ತದೆ. ಇಂಥ ಕ್ರಿಯಾಪದ ಕಚೇರಿಗೆ ಅಂತಲೇ ಹುಟ್ಟಿದ್ದು. ತಿಳಿಸಲಾಗಿದೆ, ಮಂಜೂರು ಮಾಡಲಾಗಿದೆ, ತಿರಸ್ಕರಿಸಲಾಗಿದೆ. ಯಾರು ಮಾಡಿದರು? ಹೆಸರಿಲ್ಲ. ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಮಕ್ಕಳಿಗೆ ಎಷ್ಟು ವರ್ಷ ಕಲಿಸಿದ್ದೇನೆ, ನನ್ನದೇ ವಾಕ್ಯದಲ್ಲಿ ಕರ್ತೃ ಇಲ್ಲದ್ದು ಕಾಣಲಿಲ್ಲ. (ಕರ್ತನೂ ಇರಲಿಲ್ಲ ಅನ್ನಿ.) "ನಾನು ನಿಮ್ಮನ್ನ ಕ್ಷಮಿಸೀನಿ ಕಾಕಾ" ಅಂತ ಆ ಕೋಣೆಯಲ್ಲಿದ್ದ ಒಂಬತ್ತು ಜನರಲ್ಲಿ ಒಬ್ಬನೂ ಬಾಯಿಬಿಟ್ಟು ಹೇಳಲಿಲ್ಲ.

ಕಾಕಾ ತಿಂಗಳಿಗೆ ಎರಡು ಸಾವಿರದಂತೆ 19 ಕಂತು ತುಂಬಿದರು. ಪ್ರತಿ ತಿಂಗಳ ಮೊದಲ ಭಾನುವಾರ, ಆರಾಧನೆ ಬಿಟ್ಟ ಮೇಲೆ, ಬಾಗಿಲ ಹತ್ತಿರ. ಉದ್ದಕ್ಕೆ ಮಡಚಿದ ನಾಲ್ಕು ನೋಟು ಕೊಡುತ್ತಿದ್ದರು, ನಾನು ಪಾವತಿ ಹರಿದು ಕೊಡುತ್ತಿದ್ದೆ. "ಕಾಕು ಹೆಂಗದಾರ್ರಿ?" ಅಂತ ಆ 19 ಸಲದಲ್ಲಿ ಎಷ್ಟು ಸಲ ಕೇಳಿದೆ ಅಂತ ಲೆಕ್ಕ ಹಾಕಲು ನನಗೆ ಧೈರ್ಯ ಇಲ್ಲ. ಕಂತು ಮುಗಿಯಿತು, ಭೋಜನಕ್ಕೆ ಅವಕಾಶವೂ ಸಿಕ್ಕಿತು. ಆದರೆ ಕಡೆಯ ಬಾಕಿನ ಮೇಲೆ ಕೂತ ಕಾಕಾ ಅಲ್ಲಿಂದ ಮುಂದಕ್ಕೆ ಬರಲಿಲ್ಲ. ಬರ್ರಿ ಅಂತ ಯಾರೂ ಕರೆಯಲಿಲ್ಲ. ಕಾಣಿಕೆ ಎಣಿಸುವ ಮೇಜಿಗೆ ಬೇರೆಯವರು ಬಂದಿದ್ದರು.

ನಮ್ಮದು ಬಾಸೆಲ್ ಮಿಶನ್ ಪರಂಪರೆಯ ಸಭೆ. ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, ಆಮೇಲೆ ಈ ಕಡೆ ಗುಳೇದಗುಡ್ಡದ ನೇಕಾರರ ನಡುವೆ. ಶಿಸ್ತು ಅವರಿಗೆ ಉಸಿರಿನಂತೆ. ತಪ್ಪಿದವರನ್ನು ಭೋಜನದಿಂದ ದೂರ ಇಡುವುದಕ್ಕೂ ಕಟ್ಟಳೆ, ಪಶ್ಚಾತ್ತಾಪ ಕಂಡ ಮೇಲೆ ಮರಳಿ ಸೇರಿಸುವುದಕ್ಕೂ ಕಟ್ಟಳೆ. ಅದನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. ಕಾಣಿಕೆ ಚೀಲದಲ್ಲಿ ಕೂಲಿಯವರ ದುಡ್ಡಿರುತ್ತದೆ, ಲೆಕ್ಕ ಕೇಳಲೇಬೇಕು. ಆದರೆ ದೂರ ಇಡುವ ಅರ್ಧ ನಮಗೆ ಬಾಯಿಪಾಠ, ಸೇರಿಸಿಕೊಳ್ಳುವ ಅರ್ಧ ಎಲ್ಲೋ ಬಿದ್ದುಹೋಗಿದೆ. ಕೊರಿಂಥದ ಸಭೆಗೆ ಬರೆದ ಎರಡನೇ ಪತ್ರದಲ್ಲಿ ಪೌಲ ಇದನ್ನೇ ಹೇಳುತ್ತಾನೆ. ಆ ಮನುಷ್ಯನಿಗೆ ಆದ ಶಿಕ್ಷೆ ಸಾಕು, ಇನ್ನು ಅವನನ್ನು ಕ್ಷಮಿಸಿ ಸಂತೈಸಿ, ಇಲ್ಲದಿದ್ದರೆ ಅವನು ದುಃಖದಲ್ಲಿ ಮುಳುಗಿಹೋದಾನು ಅಂತ. ಮುಳುಗುವುದು ಅಂದರೇನು ಅಂತ ಬಾಗಲಕೋಟೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮಗೇ ತಿಳಿಯಲಿಲ್ಲ.

* * *

ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಶುರುವಾಗುವುದೇ ಈ ಮಾತಿನಿಂದ. ಯಾರಾದರೂ ತಪ್ಪಿನಲ್ಲಿ ಸಿಕ್ಕಿಬಿದ್ದರೆ ಅವರನ್ನು ಶಾಂತಭಾವದಿಂದ ಸರಿಮಾಡಿ, ನೀವೂ ಬೀಳದಂತೆ ನೋಡಿಕೊಳ್ಳಿ. ಸರಿಮಾಡಿ ಅನ್ನುವಲ್ಲಿ ಗ್ರೀಕಿನಲ್ಲಿ ಇರುವ ಶಬ್ದ ಕತಾರ್ತಿಜೊ. ಜೆಬೆದಾಯನ ಮಕ್ಕಳು ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು ಅಂತ ಮಾರ್ಕನ ಸುವಾರ್ತೆಯಲ್ಲಿ ಬರುತ್ತದಲ್ಲ, ಅಲ್ಲಿಯೂ ಅದೇ. ಆ ಕಾಲದ ಗ್ರೀಕ್ ವೈದ್ಯರು ಸರಿದ ಎಲುಬನ್ನು ಕೂಡಿಸುವುದಕ್ಕೂ ಈ ಶಬ್ದವನ್ನೇ ಬಳಸುತ್ತಿದ್ದರು.

ಎಲುಬು ಅಂದ ಕೂಡಲೇ ನನಗೆ ನನ್ನ ಎಡಗೈ ನೆನಪಾಗುತ್ತದೆ. ಒಂಬತ್ತು ವರ್ಷದವನಿದ್ದೆ. ಹಳೆ ಮನೆಯ ಮುಂದಿನ ಬೇವಿನ ಗಿಡದಿಂದ ಬಿದ್ದೆ. ತಮ್ಮ ಕೆಳಗೆ ನಿಂತಿದ್ದ, ಆರು ವರ್ಷದ ಪೋರ. ನನಗಿಂತ ಮೊದಲು ಅವನೇ ಅಳಲು ಶುರು ಮಾಡಿದ. ಅಪ್ಪ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಪಕ್ಕದ ಊರಿನ ಎಲುಬು ಕಟ್ಟುವ ಅಜ್ಜನ ಹತ್ತಿರ ಹೊರಟರು. ತಮ್ಮ ಊರ ಅಗಸಿಯ ತನಕ ಸೈಕಲ್ ಹಿಂದೆ ಓಡಿಬಂದ.

ಅಜ್ಜ ಮೊದಲು ಕೈ ಮುಟ್ಟಲೇ ಇಲ್ಲ. "ಯಾವ ಸಾಲಿಗೆ ಹೋಕ್ಕಿ? ನಿಮ್ಮ ಮಾಸ್ತರ ಹೊಡೀತಾನೇನು?" ಅಂತೆಲ್ಲ ಕೇಳುತ್ತಾ ಕೂತ. ಆಮೇಲೆ ಬೆಚ್ಚಗಿನ ಎಣ್ಣೆ ಹಚ್ಚಿ ಮೊಣಕೈಯಿಂದ ಕೆಳಗೆ ಸವರಲು ಶುರು ಮಾಡಿದ. ಒತ್ತುತ್ತಿರಲಿಲ್ಲ. ಕುರುಡರು ಗೋಡೆ ತಡವುವ ಹಾಗೆ ಬೆರಳು ಮೆಲ್ಲಗೆ ಹೋಗುತ್ತಿತ್ತು, ಒಂದು ಕಡೆ ನಿಲ್ಲುತ್ತಿತ್ತು, ಮತ್ತೆ ಮೇಲೆ ಬರುತ್ತಿತ್ತು. ಬಹಳ ಹೊತ್ತು. "ಹದಿಮೂರರ ಮಗ್ಗಿ ಬರತೈತೇನು? ಅನ್ನು ನೋಡೂನು" ಅಂದ. ಹದಿಮೂರು ಏಳ್ಲೆ ಅನ್ನುವಷ್ಟರಲ್ಲಿ ಎಳೆದುಬಿಟ್ಟ. ಒಂದೇ ಸಲ. ತೊಂಬತ್ತೊಂದು ಅನ್ನುವ ಬದಲು ನಾನು ಚೀರಿದ್ದು ಓಣಿಗೆಲ್ಲ ಕೇಳಿಸಿತಂತೆ. ತತ್ತಿಯ ಬಿಳಿ ಲೋಳೆಯಲ್ಲಿ ಬಟ್ಟೆ ನೆನೆಸಿ ಸುತ್ತಿದ, ಮೇಲೆ ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಕಟ್ಟುವಾಗ ಅಪ್ಪನಿಗೆ ಹೇಳಿದ್ದು ನೆನಪಿದೆ. "ಭಾಳ ಬಿಗದ್ರ ಕೈ ಬಾಡತೈತಿ. ಸಡಲ ಬಿಟ್ರ ಸೊಟ್ಟ ಕೂಡತೈತಿ." ನಾಲ್ಕನೇ ದಿನ ಯಾರೂ ಕರೆಯದೆ ತಾನೇ ನಮ್ಮ ಮನೆಗೆ ನಡೆದುಕೊಂಡು ಬಂದು, ಬೆರಳು ಊದಿವೆಯೋ ಅಂತ ನೋಡಿ, ಒಂದು ಕಟ್ಟು ಸಡಿಲ ಮಾಡಿ ಹೋದ.

ಈಗ ಎಕ್ಸ್‌ರೇ ಬಿಟ್ಟು ಅಂಥವರ ಹತ್ತಿರ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನನ್ನ ಕೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಆದರೆ ಶಾಂತಭಾವ ಅನ್ನುವ ಶಬ್ದ ಓದಿದಾಗ ನನಗೆ ಕಾಣುವುದು ಆ ಬೆರಳುಗಳು. ಎಳೆಯುವುದೇನೋ ಎಳೆಯಬೇಕು, ನೋವು ಆಗಿಯೇ ಆಗುತ್ತದೆ. ಎಲ್ಲಿ ಮುರಿದಿದೆ ಅಂತ ತಡವಿ ನೋಡುವ ತಾಳ್ಮೆ ಇಲ್ಲದವನು ಎಳೆಯಬಾರದು ಅಷ್ಟೇ. ನಾವು ಕಾಕಾನ ವಿಷಯದಲ್ಲಿ ತಡವಲೂ ಇಲ್ಲ, ಎಳೆಯಲೂ ಇಲ್ಲ. ಎಲುಬು ಮುರಿದಿದೆ ಅಂತ ಒಂದು ದಾಖಲೆ ಬರೆದು ಸಹಿ ಹಾಕಿದೆವು.

* * *

ಈಗ ನನ್ನ ಮಾತು.

ಮುಳುಗಡೆಯಾದ ಹೊಲಕ್ಕೆ ಮೊದಲು ಬಂದ ಪರಿಹಾರ ಕಡಿಮೆ ಅಂತ ಬಹಳ ಜನ ಕೋರ್ಟಿಗೆ ಹೋದರು. ನಾವೂ ಹೋದೆವು. ವಕೀಲರ ಮನೆ, ಕಚೇರಿ ಅಂತ ಓಡಾಡಿದವನು ನಾನು. ಹೆಚ್ಚುವರಿ ಪರಿಹಾರ ಅಪ್ಪನ ಹೆಸರಿಗೆ ಬಂತು. ಅಪ್ಪ ಸಹಿ ಹಾಕಿ ನನ್ನ ಕೈಗೆ ಕೊಟ್ಟರು. ನಾನು ಓಡಾಟದ ಖರ್ಚು ಕಳೆದೆ. ಆಮೇಲೆ ಇನ್ನಷ್ಟು ಕಳೆದೆ. ತಮ್ಮನಿಗೆ ಹೇಳಿದ ಅಂಕಿ ಬೇರೆ, ಬಂದ ಅಂಕಿ ಬೇರೆ. ಅವನಿಗೆ ಹೇಗೋ ಗೊತ್ತಾಯಿತು. ಜಗಳ ಆಡಲಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಇಳಕಲ್ಲಿಗೆ ಹೋಗಿ ಒಂದು ಗ್ರಾನೈಟ್ ಕಾರ್ಖಾನೆಗೆ ಸೇರಿಕೊಂಡ.

ಕಾಕಾನ ಠರಾವು ಬರೆಯುವಾಗ ಇದು ಎರಡು ವರ್ಷದ ಹಳೆ ಮಾತು. ನನ್ನ ಠರಾವನ್ನು ಯಾರೂ ಬರೆಯಲಿಲ್ಲ. ತಿಂಗಳು ತಿಂಗಳು ಭೋಜನ ತಗೊಂಡೆ, ಸಂಡೇ ಸ್ಕೂಲಿಗೆ ಪಾಠ ಹೇಳಿದೆ. ನನ್ನದು ಕೈಗಡವೂ ಆಗಿರಲಿಲ್ಲ.

ಅಪ್ಪ ತೀರಿಕೊಂಡಾಗ ತಮ್ಮ ಮಣ್ಣಿಗೆ ಬಂದ. ಕುಣಿಯ ಆ ಕಡೆ ನಿಂತ, ಒಂದು ಹಿಡಿ ಮಣ್ಣು ಹಾಕಿದ, ನೀರು ಕೂಡ ಕುಡಿಯದೆ ಬಸ್ ಹತ್ತಿದ. ಅವತ್ತಿನಿಂದ ನನ್ನೊಳಗೆ ಏನೋ ಆರಿಹೋಯಿತು. ಬೈಬಲ್ ತೆಗೆದರೆ ಅಕ್ಷರ ಕಾಣುತ್ತಿದ್ದವು, ಒಳಗೆ ಇಳಿಯುತ್ತಿರಲಿಲ್ಲ. ಪ್ರಾರ್ಥನೆಗೆ ಎದ್ದು ನಿಂತರೆ ನನ್ನ ದನಿ ನನಗೇ ಮೈಕಿನಿಂದ ಬಂದ ಹಾಗೆ ಕೇಳಿಸುತ್ತಿತ್ತು. ಮೊಣಕಾಲು ನೋವು ಅಂತ ಹೇಳಿ ಸಭೆಗೆ ಹೋಗುವುದು ಬಿಟ್ಟೆ. ವಾಟ್ಸಾಪಿನಲ್ಲಿ "ನಿಮಗಾಗಿ ಪ್ರಾರ್ಥಿಸುತ್ತಿದ್ದೇವೆ ಮಾಸ್ತರ" ಅಂತ ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ಅದೇ ವಾರ ಬಸ್ ಸ್ಟ್ಯಾಂಡ್ ಗೋಡೆ ತುಂಬ ಮೂರು ದಿನದ ಉಜ್ಜೀವನ ಕೂಟದ ಪೋಸ್ಟರ್ ಹಚ್ಚಿದ್ದರು. ಉಜ್ಜೀವನಕ್ಕೆ ಪೋಸ್ಟರ್ ಬೇಕಾಗುತ್ತದೆ ಅನ್ನುವುದೇ ನನಗೆ ಯಾವತ್ತೂ ಅರ್ಥವಾಗಿಲ್ಲ. ಇರಲಿ.

ಒಂದು ಗುರುವಾರ ಸಂಜೆ, ಜಿಟಿಜಿಟಿ ಮಳೆ, ಕಾಕಾ ಬಂದರು. ಕೈಯಲ್ಲಿ ಸ್ಟೀಲ್ ಡಬ್ಬಿ. "ಕಾಕು ಬಿಸಿ ರೊಟ್ಟಿ ಮಾಡ್ಯಾಳ. ಬದನೀಕಾಯಿ ಎಣಗಾಯಿ ಐತಿ. ಉಣ್ಣೂನು ಬರ್ರಿ ಮಾಸ್ತರ." ಉಂಡೆವು. ಯಾಕೆ ಸಭೆಗೆ ಬರಲಿಲ್ಲ ಅಂತ ಕೇಳಲಿಲ್ಲ, ವಚನ ಓದಲಿಲ್ಲ. ಹೋಗುವಾಗ ಡಬ್ಬಿ ತೊಳೆದುಕೊಡಲು ಹೋದರೆ "ಇರಲಿ ಬಿಡ್ರಿ, ಮುಂದಿನ ವಾರ ಒಯ್ತೀನಿ" ಅಂದರು. ಡಬ್ಬಿ ನೆಪ. ಮುಂದಿನ ಗುರುವಾರ ಬಂದರು, ಅದರ ಮುಂದಿನ ಗುರುವಾರವೂ.

ಎಲೀಯನ ಕಥೆ ನೆನಪಿದೆಯಲ್ವಾ? ಕರ್ಮೆಲ್ ಬೆಟ್ಟದ ಮೇಲೆ ಗೆದ್ದ ಪ್ರವಾದಿ ಆಮೇಲೆ ಅಡವಿಗೆ ಓಡಿಹೋಗಿ ಒಂದು ಗಿಡದ ಕೆಳಗೆ ಮಲಗಿ, ಸಾಕು ದೇವರೇ, ಪ್ರಾಣ ತಗೋ ಅನ್ನುತ್ತಾನೆ. ದೇವದೂತ ಬಂದು ಅವನಿಗೆ ಬುದ್ಧಿ ಹೇಳುವುದಿಲ್ಲ. ತಟ್ಟಿ ಎಬ್ಬಿಸಿ, ಎದ್ದು ತಿನ್ನು ಅನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಎಬ್ಬಿಸುತ್ತಾನೆ. ಮತ್ತೆ ರೊಟ್ಟಿ. ದಾರಿ ನಿನಗೆ ದೂರ ಆಗುತ್ತದೆ, ತಿನ್ನು ಅಂತ. "ಎಲೀಯನೇ, ಇಲ್ಲೇನು ಮಾಡುತ್ತೀ?" ಅನ್ನುವ ಪ್ರಶ್ನೆ ಬರುವುದು 40 ದಿನ ಕಳೆದ ಮೇಲೆ, ಹೋರೇಬ್ ಬೆಟ್ಟದಲ್ಲಿ. ಈ ಅಧ್ಯಾಯದ ಮೇಲೆ ನಾನು ಕೇಳಿದ ಪ್ರಸಂಗಗಳೆಲ್ಲ ಆ ಬೆಟ್ಟಕ್ಕೆ ಓಡಿಹೋಗುತ್ತವೆ. ರೊಟ್ಟಿಯ ಹತ್ತಿರ ಯಾರೂ ಕೂರುವುದಿಲ್ಲ.

ಐದನೇ ಗುರುವಾರ ನಾನೇ ಬಾಯಿಬಿಟ್ಟೆ. ಪರಿಹಾರದ ದುಡ್ಡು, ತಮ್ಮ, ಎಲ್ಲ. ಕಾಕಾ ಕೈತೊಳೆದು ಟವೆಲ್ಲಿಗೆ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡರು.

"ಗೊತ್ತಿತ್ರಿ" ಅಂದರು.

"ಯಾವಾಗಿಂದ?"

"ಆ ವಕೀಲರ ಗುಮಾಸ್ತ ದಿನಾ ನನ್ನ ಬಸ್ಸಿಗೇ ಬರತಿದ್ದ."

ಅಂದರೆ ಅವತ್ತು ಕಮಿಟಿಯಲ್ಲಿ, ನಾನು ದುಂಡಗೆ ಠರಾವು ಬರೆಯುವಾಗ, ಎದುರಿಗೆ ತಲೆ ತಗ್ಗಿಸಿ ಕೂತವರಿಗೆ ಎಲ್ಲ ಗೊತ್ತಿತ್ತು. "ಅವತ್ತೇ ಹೇಳಬೇಕಿತ್ತಲ್ರಿ ಕಾಕಾ" ಅಂದೆ. ಅವರು ನಕ್ಕರು. "ಹೇಳಿದ್ರ ಇಬ್ರೂ ಕಡೀ ಬಾಕಿನ ಮ್ಯಾಲೆ ಕುಂದರತಿದ್ವಿ. ಪಾವತಿ ಯಾರು ಹರೀತಿದ್ರು?"

ನಾನು ನಗಲಾಗಲಿಲ್ಲ. ಅತ್ತೆ.

ಯೇಸು ಜನರನ್ನು ನೋಡಿ ಕನಿಕರಪಟ್ಟನು ಅಂತ ಸುವಾರ್ತೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಲ್ಲಿರುವ ಗ್ರೀಕ್ ಶಬ್ದದ ಬೇರು ಹೊಟ್ಟೆಯೊಳಗಿನ ಕರುಳು. ಇಂಗ್ಲಿಷಿನಲ್ಲಿ ಓದುವವರಿಗೆ ಇದನ್ನು ಅಡಿಟಿಪ್ಪಣಿ ಹಾಕಿ ತಿಳಿಸುತ್ತಾರೆ. ನಮಗೆ ಬೇಕಾಗಿಯೇ ಇಲ್ಲ. ಕರುಳು ಚುರ್ ಅಂತು ಅನ್ನುತ್ತೇವೆ, ಹೊಟ್ಯಾಗ ಕಿವುಚಿದಂಗಾತು ಅನ್ನುತ್ತೇವೆ, ಅಣ್ಣತಮ್ಮಂದಿರನ್ನು ಕರುಳ ಬಳ್ಳಿ ಅನ್ನುತ್ತೇವೆ. ಕನಿಕರ ತಲೆಯಲ್ಲಿ ಹುಟ್ಟುವುದಲ್ಲ ಅಂತ ನಮ್ಮ ಭಾಷೆಗೆ ಮೊದಲಿನಿಂದ ಗೊತ್ತು. ಠರಾವು ಪುಸ್ತಕಕ್ಕೆ ಮಾತ್ರ ಗೊತ್ತಿಲ್ಲ.

* * *

ಯೇಸುವಿನ ಶಿಷ್ಯ ಪೇತ್ರನ ಕಥೆಯನ್ನು ನಾನು ಆ ಮಳೆಗಾಲದಲ್ಲಿ ಮತ್ತೆ ಓದಿದೆ. ಚಳಿ ಕಾಯಿಸಿಕೊಳ್ಳಲು ಇದ್ದಿಲ ಬೆಂಕಿಯ ಹತ್ತಿರ ನಿಂತು ಅವನು, ನಾನು ಅವನ ಶಿಷ್ಯನಲ್ಲ ಅನ್ನುತ್ತಾನೆ. ಯೋಹಾನನ ಸುವಾರ್ತೆಯ 18ನೇ ಅಧ್ಯಾಯ. ಆಮೇಲೆ 21ನೇ ಅಧ್ಯಾಯದಲ್ಲಿ, ತಿಬೇರಿಯ ಸಮುದ್ರದ ದಡದಲ್ಲಿ, ಎದ್ದುಬಂದ ಯೇಸು ಇದ್ದಿಲ ಬೆಂಕಿ ಹಚ್ಚಿ ಮೀನು ಸುಡುತ್ತಿದ್ದಾನೆ. ಇಡೀ ಹೊಸ ಒಡಂಬಡಿಕೆಯಲ್ಲಿ ಇದ್ದಿಲ ಬೆಂಕಿ ಅನ್ನುವ ಆ ಗ್ರೀಕ್ ಶಬ್ದ ಬರುವುದು ಈ ಎರಡೇ ಕಡೆ. ಒಲೆಯ ಮುಂದೆ ಕೂತು ಬೆಳೆದವರಿಗೆ ಗೊತ್ತು, ವಾಸನೆ ಬಂದ ಕೂಡಲೇ ಹಳೆಯದೆಲ್ಲ ಎದ್ದು ಬರುತ್ತದೆ. ಪೇತ್ರನಿಗೂ ಬಂದಿರಬೇಕು. ಆದರೆ ಪ್ರಶ್ನೆಗೆ ಮೊದಲು ಬಂದ ಮಾತು, ಬನ್ನಿ, ಊಟ ಮಾಡಿ ಅಂತ. 153 ಮೀನು ಎಣಿಸಿ ಮುಗಿಸಿ, ಉಂಡ ಮೇಲೆ ಪ್ರಶ್ನೆ. ನನ್ನನ್ನು ಪ್ರೀತಿಸುತ್ತೀಯಾ? ಮೂರು ಸಲ. ಮೂರನೇ ಸಲ ಪೇತ್ರ ನೊಂದುಕೊಂಡ ಅಂತಲೂ ಬರೆದಿದೆ. ಅಜ್ಜ ಎಳೆದ ಕ್ಷಣ ಅದು.

ಅಲ್ಲಿ ಪ್ರೀತಿಗೆ ಬಳಸಿದ ಎರಡು ಗ್ರೀಕ್ ಶಬ್ದಗಳ ವ್ಯತ್ಯಾಸದ ಮೇಲೆ ಒಂದು ಗಂಟೆ ಮಾತಾಡುವವರಿದ್ದಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಮೂರು ಸಲವೂ ಪ್ರಶ್ನೆಯ ಬೆನ್ನಿಗೆ ಬಂದ ಕೆಲಸ. ನನ್ನ ಕುರಿಗಳನ್ನು ಮೇಯಿಸು. ತಪ್ಪಿದವನ ಕೈಗೇ ಮತ್ತೆ ಹಿಂಡು. ನಾವು ಕಾಕಾನಿಗೆ ರಸೀದಿ ಕೊಟ್ಟೆವು, ಕಾಣಿಕೆ ಚೀಲ ಕೊಡಲಿಲ್ಲ.

ಆ ವರ್ಷದ ಸುಗ್ಗಿ ಹಬ್ಬದಲ್ಲಿ ನಾನು ಎದ್ದು ನಿಂತು ನನ್ನ ತಪ್ಪನ್ನು ಹೇಳಿದೆ. ಕರ್ತರಿ ಪ್ರಯೋಗದಲ್ಲಿ. ನಾನು ತಮ್ಮನ ದುಡ್ಡು ತಿಂದೆ. ನಾನು ಕಾಕಾನನ್ನು ಕಡೆಯ ಬಾಕಿಗೆ ಕೂರಿಸಿದೆ. ಈ ಸಲ ಲಿಲಾವಿನ ದುಡ್ಡು ಅವರು ಎಣಿಸಲಿ ಅಂತ ಕೇಳಿಕೊಂಡೆ. ಎಲ್ಲರಿಗೂ ಹಿಡಿಸಲಿಲ್ಲ. ಒಂದು ಮನೆತನದವರು ಎದ್ದು ಹೋದರು, ಅವರು ಈಗಲೂ ನನ್ನನ್ನು ಮಾತಾಡಿಸುವುದಿಲ್ಲ. ಪಾಸ್ಟರ್ ಇಬ್ಬರು ಎಣಿಸಲಿ ಅಂದರು, ಅದು ಸರಿಯಾದ ಮಾತೇ. ಕಾಕಾ ಮೇಜಿಗೆ ಬಂದು ಕೂತರು. ನೋಟು ಕೈಗೆ ತಗೊಂಡು ಉದ್ದಕ್ಕೆ ಮಡಚಲು ಹೋದರು. ಬೆರಳು ನಡುಗಿ ಹತ್ತರ ನೋಟೊಂದು ಕೆಳಗೆ ಬಿತ್ತು. ಒಬ್ಬ ಹುಡುಗ ಎತ್ತಿಕೊಟ್ಟು "ಒಂದು ಫುಲ್ ಕಾಕಾ" ಅಂದ.

* * *

ಸಂಕ್ರಾಂತಿ ಮುಗಿದ ಮೇಲೆ ಇಳಕಲ್ಲಿಗೆ ಹೊರಟೆ. ಕಾಕಾ ಜೊತೆಗೆ ಬಂದರು. ಬಸ್ಸಿನಲ್ಲಿ ಅಭ್ಯಾಸದಂತೆ ಕಂಡಕ್ಟರ್ ಸೀಟಿನ ಹಿಂದೆ. ಅಮೀನಗಡದಲ್ಲಿ ಬಸ್ ನಿಂತಾಗ ಇಳಿದು ಅರ್ಧ ಕೇಜಿ ಕರದಂಟು ತಗೊಂಡೆ. ಅಣ್ಣ ಏಸಾವನಿಗೆ ಮೋಸ ಮಾಡಿ ಓಡಿಹೋದ ಯಾಕೋಬ 20 ವರ್ಷದ ಮೇಲೆ ತಿರುಗಿ ಬರುವಾಗ 200 ಆಡು, 20 ಹೋತ, ಒಂಟೆ, ಕತ್ತೆ ಅಂತ ಹಿಂಡು ಹಿಂಡಾಗಿ ಮುಂದೆ ಕಳಿಸುತ್ತಾನೆ. ನನ್ನ ಹತ್ತಿರ ಕರದಂಟು, ಜೇಬಿನಲ್ಲಿ ಒಂದು ಚೆಕ್. "ಚೆಕ್ ಕೊಡ್ರಿ" ಅಂದಿದ್ದರು ಕಾಕಾ, "ಕೊಟ್ರ ಮುಗೀತು ಅಂತ ಮಾತ್ರ ತಿಳಕೋಬ್ಯಾಡ್ರಿ."

ಏಸಾವ ಓಡಿ ಬಂದು ತಬ್ಬಿಕೊಂಡ. ನನ್ನ ತಮ್ಮ ಮನೆಯಲ್ಲೇ ಇರಲಿಲ್ಲ. ಬಾಗಿಲು ತೆಗೆದದ್ದು ಅವನ ಹೆಂಡತಿ. ಒಂದು ಗಳಿಗೆ ಹಾಗೇ ನಿಂತಳು. ತಲೆ ಮೇಲೆ ಸೆರಗು ಎಳೆದುಕೊಂಡು "ಬರ್ರಿ ಭಾವಾರ" ಅಂದಳು, ಕಾಲಿಗೆ ನೀರು ತಂದಿಟ್ಟಳು. ಎರಡು ತಾಸಿನ ಮೇಲೆ ಅವನು ಬಂದ. ಹುಬ್ಬಿನ ತುಂಬ ಕಲ್ಲಿನ ಧೂಳು. ನನ್ನನ್ನು ನೋಡಿದ, ಕಾಕಾನನ್ನು ನೋಡಿದ, ಮುಖ ತೊಳೆಯಲು ಹಿತ್ತಲಿಗೆ ಹೋದ. ಬಹಳ ಹೊತ್ತು ನೀರಿನ ಸಪ್ಪಳ ಕೇಳಿಸಿತು.

ನಾನು ಹೇಳಬೇಕಾದ್ದನ್ನು ಹೇಳಿದೆ. ಚೆಕ್ ಅವನು ಕೈಗೆ ತಗೊಳ್ಳಲಿಲ್ಲ, ಹೆಂಡತಿ ಟಿವಿ ಕೆಳಗೆ ಇಟ್ಟಳು. ಊಟಕ್ಕೆ ಕೂತೆವು. ನಾನು ಎಡಗೈಯಲ್ಲಿ ತಂಬಿಗೆ ಎತ್ತಿದ್ದನ್ನು ನೋಡಿ ಅವನು ಮೊದಲ ಸಲ ಮಾತಾಡಿದ.

"ಕೈ ಇನ್ನೂ ಹಂಗ ಐತೇನು?"

"ಹಂಗ ಐತಿ."

ಬಸ್ಸಿಗೆ ಹೊರಡುವಾಗ ಬಾಗಿಲ ತನಕ ಬಂದ. "ಹಳೀ ಮನಿ ಕಟ್ಟಿ ಕಾಣತೈತಂತಲ್ಲ" ಅಂದ. ಬ್ಯಾಸಿಗೀಗೆ ಬಾ, ಹೋಗೂನು ಅಂದೆ. "ಬರ್ತೀನಿ, ನೀ ನಡೀ" ಅಂದ.

ಯಾಕೋಬನೂ ಹೀಗೇ ಹೇಳಿದ್ದ. ತಬ್ಬಿಕೊಂಡು ಅತ್ತಾದ ಮೇಲೆ ಏಸಾವ, ನಡಿ ಜೊತೆಗೆ ಹೋಗೋಣ ಅಂದರೆ, ನೀನು ಮುಂದೆ ಹೋಗು, ನಾನು ಮಕ್ಕಳ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುತ್ತೇನೆ ಅಂದ. ಏಸಾವ ಸೇಯೀರಿಗೆ ಹೋದ, ಯಾಕೋಬ ಸುಕ್ಕೋತಿಗೆ ತಿರುಗಿದ. ಕುಂಟುತ್ತಿದ್ದ ಬೇರೆ. ಮುಂದೆ ಅವರಿಬ್ಬರೂ ಜೊತೆಗೆ ಕಾಣುವುದು ಅಪ್ಪ ಇಸಾಕನನ್ನು ಮಣ್ಣು ಮಾಡುವಾಗ. ಈ ಭಾಗವನ್ನು ಸಂಡೇ ಸ್ಕೂಲಿನಲ್ಲಿ ನಾನೇ ಎಷ್ಟೋ ಸಲ ಹಾರಿಸಿಬಿಟ್ಟಿದ್ದೇನೆ.

ಮೂರು ತಿಂಗಳಾಯಿತು, ಆ ಚೆಕ್ ಬ್ಯಾಂಕಿಗೆ ಬರದೆ ಅವಧಿ ಮುಗಿಯಿತು. ಇನ್ನೊಂದು ಬರೆದು ಅಂಚೆಯಲ್ಲಿ ಕಳಿಸಿದೆ. ಅದು ಪಾಸಾಯಿತು. ಬ್ಯಾಂಕಿನ ಮೆಸೇಜ್ ಬಂದ ಕೂಡಲೇ ಕಾಕಾನಿಗೆ ಫೋನ್ ಮಾಡಿದೆ. "ಹಾಂ, ಪರಿಹಾರ ಮುಟ್ಟಿತು" ಅಂದರು. ಮತ್ತೇನೂ ಹೇಳಲಿಲ್ಲ.

ಈ ಸಲ ಮೇ ತಿಂಗಳಲ್ಲಿ ನೀರು ಚೆನ್ನಾಗಿ ಇಳಿದಿತ್ತು. ನಮ್ಮ ಕಟ್ಟೆ ಪೂರ್ತಿ ಕಾಣುತ್ತಿತ್ತು, ಪಡಸಾಲೆಯ ಮೆಟ್ಟಿಲು ಕೂಡ. ತಮ್ಮನಿಗೆ ಫೋನ್ ಮಾಡಿದೆ. ಆರ್ಡರ್ ಬಂದಾವ, ರಜಾ ಸಿಗಂಗಿಲ್ಲ ಅಂದ. ಇನ್ನೊಮ್ಮೆ ಮಾಡಿದೆ, ಎತ್ತಲಿಲ್ಲ. ಜೂನ್ ಕೊನೆಗೆ ಮೇಲೆ ಘಟ್ಟದಲ್ಲಿ ಮಳೆ ಹಿಡಿಯಿತು. ನೀರು ಏರಲು ಶುರುವಾಯಿತು. ಮೆಟ್ಟಿಲು ಮುಳುಗುವ ಮೊದಲು ಹೋಗಿ ಒಂದು ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದೆ. ಎರಡು ನೀಲಿ ಗೆರೆ ಬಿದ್ದವು. ತಾಸುಗಟ್ಟಲೆ ಏನೂ ಇಲ್ಲ. ರಾತ್ರಿ ಹತ್ತರ ಮೇಲೆ ಒಂದು ಸಾಲು ಬಂತು.

"ಬೇವಿನ ಗಿಡ ಯಾವ ಕಡೆ ಇತ್ತು?"

ಫೋಟೋ ತೆರೆದು, ಕೆಂಪು ಬಣ್ಣದಲ್ಲಿ ಒಂದು ಸುತ್ತು ಹಾಕಿ ಕಳಿಸಿದೆ.